ನಾಲ್ಕು ಕಂಪ್ಯೂಟರ್‌ಗಳ ಮನೆಯಲ್ಲಿ ಮೈಕ್ರೋಸಾಫ್ಟ್ 365 ಫ್ಯಾಮಿಲಿ

ನಮ್ಮ ಮನೆಯಲ್ಲಿ ನಾಲ್ಕು ಕಂಪ್ಯೂಟರ್‌ಗಳಿವೆ: ನನ್ನದೊಂದು, ಮಡದಿಯದೊಂದು ಲ್ಯಾಪ್‌ಟಾಪ್, ಮಗಳ ಮ್ಯಾಕ್ ಮತ್ತು ನಡುಮನೆಯ ಮೂಲೆಯ ಹಳೆಯ ಡೆಸ್ಕ್‌ಟಾಪ್. ಇವಕ್ಕೆಲ್ಲ ವರ್ಡ್, ಎಕ್ಸೆಲ್ ಹಾಕಿಸಲು ಎಷ್ಟು ಪರವಾನಗಿ ಬೇಕೆಂಬ ಲೆಕ್ಕ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಇವೆರಡೂ ಇರುವ ಆಫೀಸ್ 2010ರ ಹೋಮ್ ಅಂಡ್ ಸ್ಟೂಡೆಂಟ್ ಪೆಟ್ಟಿಗೆಯೊಂದನ್ನು ಕೊಂಡವರು ಒಂದೇ ಮನೆಯ ಮೂರು ಕಂಪ್ಯೂಟರ್‌ಗಳಲ್ಲಿ ಅದನ್ನು ಬಳಸಬಹುದಿತ್ತು. 2013ರ ಆವೃತ್ತಿಯಿಂದ ಇತ್ತೀಚಿನ ಆಫೀಸ್ ಹೋಮ್ 2024ರವರೆಗೆ, ಒಮ್ಮೆಗೇ ಹಣ ಕೊಟ್ಟು ಕೊಂಡದ್ದು ಒಂದು ಯಂತ್ರಕ್ಕಷ್ಟೇ ಸಲ್ಲುತ್ತದೆ.

ಮೈಕ್ರೋಸಾಫ್ಟ್ 365 ಫ್ಯಾಮಿಲಿ ಎಂಬುದು ಆಗಾಗ ಹಣ ಕಟ್ಟಿ ನವೀಕರಿಸುತ್ತ ಬಳಸುವ ಆಫೀಸ್ ಚಂದಾ; ಅದು ಎಣಿಸುವುದು ಜನರನ್ನು. ಕೊಂಡವರೂ ಸೇರಿ 6 ಮಂದಿ ತಮ್ಮ ತಮ್ಮ ಖಾತೆಯಿಂದ ಬಳಸಬಹುದು. ಒಬ್ಬೊಬ್ಬರಿಗೂ ಇಂಟರ್‌ನೆಟ್‌ನಲ್ಲಿ ಕಡತಗಳನ್ನಿಡಲು 1 ಟಿಬಿ ಒನ್‌ಡ್ರೈವ್ ಜಾಗವಿದೆ. ಎಷ್ಟು ಯಂತ್ರಗಳಲ್ಲಿ ಇನ್‌ಸ್ಟಾಲ್ ಮಾಡಿದರೂ ಅಡ್ಡಿಯಿಲ್ಲ, ಆದರೆ ಒಬ್ಬರು ಏಕಕಾಲಕ್ಕೆ 5 ಸಾಧನಗಳಲ್ಲಿ ಮಾತ್ರ ಸೈನ್ ಇನ್ ಆಗಿರಬಹುದು, ಮತ್ತು ಆ ಐದರಲ್ಲಿ ಫೋನು, ಟ್ಯಾಬ್ಲೆಟ್‌ಗಳೂ ಸೇರುತ್ತವೆ. ಮೊದಲ ಕೆಲವು ತಿಂಗಳು ನಾನು ಸೋಮಾರಿತನದಿಂದ ಮನೆಯ ಎಲ್ಲ ಯಂತ್ರಗಳಿಗೂ ನನ್ನ ಖಾತೆಯನ್ನೇ ಹಾಕಿಟ್ಟಿದ್ದೆ. ಆರನೆಯದಾಗಿ ಟ್ಯಾಬ್ಲೆಟ್‌ನಲ್ಲಿ ಸೈನ್ ಇನ್ ಮಾಡಹೊರಟಾಗ, ಬೇರೊಂದು ಸಾಧನದಿಂದ ಹೊರಬರಬೇಕೆಂಬ ಸೂಚನೆ ಬಂತು. ಅದಕ್ಕಿಂತ ದೊಡ್ಡ ಪೇಚೆಂದರೆ, ನನ್ನ ತೆರಿಗೆ ಲೆಕ್ಕದ ಫೋಲ್ಡರಿನೊಳಗೆ ಮಗಳ ಪ್ರಾಜೆಕ್ಟ್ ವರದಿಯ ಏಳು ಪ್ರತಿಗಳು ಬಂದು ಕುಳಿತಿದ್ದವು. ಅವಳಿಗೂ ಮಡದಿಗೂ ಬೇರೆ ಖಾತೆ ಮಾಡಿಕೊಟ್ಟು ಚಂದಾ ಹಂಚಿದ ಮೇಲೆ ಎರಡು ತೊಂದರೆಗಳೂ ಒಟ್ಟಿಗೆ ತೀರಿದವು.

ಆಕ್ಷೇಪಗಳೂ ಇವೆ. ತಿಂಗಳಿಗೊಮ್ಮೆಯಾದರೂ ಕಂಪ್ಯೂಟರಿಗೆ ಇಂಟರ್‌ನೆಟ್ ತೋರಿಸಬೇಕು. ಕೋಪೈಲಟ್ ಎಂಬ ಕೃತಕ ಬುದ್ಧಿಮತ್ತೆಯ ಸೌಲಭ್ಯ ಚಂದಾ ಕೊಂಡವರಿಗೆ ಮಾತ್ರ, ಹಂಚಿಸಿಕೊಂಡ ಉಳಿದ ಐವರಿಗಿಲ್ಲ; ಕುಟುಂಬದ ಹೆಸರಿನ ಯೋಜನೆಯಲ್ಲಿ ಹೀಗೆ ಪಂಕ್ತಿಭೇದ ಮಾಡಿರುವುದು ನನಗೆ ಸರಿಕಾಣಲಿಲ್ಲ. ಚಂದಾ ನವೀಕರಿಸದಿದ್ದರೆ ನಾವೇ ಬರೆದ ಕಡತಗಳನ್ನು ಈ ತಂತ್ರಾಂಶದಲ್ಲಿ ತೆರೆದು ಓದಬಹುದು, ಮುದ್ರಿಸಬಹುದು, ತಿದ್ದುವಂತಿಲ್ಲ. ಆದ್ದರಿಂದ ಒಬ್ಬರೇ ಒಂದೇ ಕಂಪ್ಯೂಟರ್ ಬಳಸುವ ಮನೆಗೆ ಒಮ್ಮೆಗೇ ಕೊಳ್ಳುವ ಆವೃತ್ತಿಯೇ ಮೇಲು. ಮೂವರಿದ್ದರೆ ಫ್ಯಾಮಿಲಿ ನಿಸ್ಸಂದೇಹವಾಗಿ ಗಿಟ್ಟುತ್ತದೆ.

ಆಫೀಸನ್ನು ಸಕ್ರಿಯಗೊಳಿಸಲು ಕೆಲವೇ ನೂರು ರೂಪಾಯಿಗೆ ಸಿಗುವ 25 ಅಕ್ಷರಗಳ ಕೀಲಿಯ ಆಸೆಗೂ ಹಿಂದೊಮ್ಮೆ ನಾನು ಬಿದ್ದಿದ್ದೆ. ಆನ್‌ಲೈನ್ ಮಾರಾಟಗಾರನೊಬ್ಬ ಕಳಿಸಿದ ಆ ಕೀಲಿ ನಾಲ್ಕು ತಿಂಗಳು ನಡೆದು ನಿಂತುಹೋಯಿತು, ಅಷ್ಟರಲ್ಲಿ ಅವನ ಅಂಗಡಿಯ ಪುಟವೂ ಮಾಯವಾಗಿತ್ತು. ವಿಂಡೋಸ್‌ನ ಲೆಕ್ಕ ಇದರಿಂದ ಪೂರ್ತಿ ಬೇರೆ: ಲ್ಯಾಪ್‌ಟಾಪ್ ಜೊತೆಗೇ ಬಂದ ಪರವಾನಗಿ ಆ ಯಂತ್ರಕ್ಕೇ ಅಂಟಿಕೊಂಡಿರುತ್ತದೆ, ಬಿಡಿಯಾಗಿ ಕೊಂಡದ್ದನ್ನು ಹಳೆಯದರಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳಬಹುದು.

ನಡುಮನೆಯ ಡೆಸ್ಕ್‌ಟಾಪಿಗೆ ಕೊನೆಗೆ ಆಫೀಸಿನಂಥದ್ದೇ ಇನ್ನೊಂದು ತಂತ್ರಾಂಶವಾದ ಲಿಬ್ರೆಆಫೀಸ್ ಹಾಕಿದೆ. ಎಷ್ಟು ಯಂತ್ರಗಳಿಗೆ ಹಾಕಿದರೂ ಅದು ಉಚಿತ. ವರ್ಡ್‌ನಲ್ಲಿ ಮಾಡಿದ ಕೋಷ್ಟಕಗಳು ಅಲ್ಲಿ ಒಮ್ಮೊಮ್ಮೆ ಅಂಚು ದಾಟುತ್ತವೆ, ಆದರೆ ಮನೆಖರ್ಚಿನ ಪಟ್ಟಿಗೆ ಅಷ್ಟು ಸಾಕು.