ಎರಡು ವರ್ಷದ ಟಕ್ಸ್ ಪೇಂಟ್ ಮತ್ತು ಒಂದು ಕರಿ ಹಾಳೆ

ಮಗಳಿಗೆ ಈಗ ಆರು ವರ್ಷ. ನಾಲ್ಕು ತುಂಬಿದಾಗಿನಿಂದ ಬೀದರ್‌ನ ನಮ್ಮ ಮನೆಯ ಹಳೇ ಲ್ಯಾಪ್‌ಟಾಪ್‌ನಲ್ಲಿ ಟಕ್ಸ್ ಪೇಂಟ್ ಇದೆ, ಮಕ್ಕಳು ಚಿತ್ರ ಬಿಡಿಸುವ ತಂತ್ರಾಂಶ. ಅದಕ್ಕೂ ಮೊದಲು ಮೊಬೈಲಿನಲ್ಲಿ ಯಾವುದೋ ಬಣ್ಣದ ಆಪ್ ಹಾಕಿದ್ದೆ. ಮೂರು ಗೆರೆ ಎಳೆಯುವಷ್ಟರಲ್ಲಿ ಜಾಹೀರಾತು, ನಾಲ್ಕನೇ ಬಣ್ಣಕ್ಕೆ ದುಡ್ಡು. ಕಿತ್ತು ಹಾಕಿದೆ. ಟಕ್ಸ್ ಪೇಂಟ್ 2002ರಿಂದ ಇರುವ ಮುಕ್ತ ತಂತ್ರಾಂಶ, ಪೂರ್ತಿ ಪುಕ್ಕಟೆ, ಬಿಡಿಸಲು ನೆಟ್ ಬೇಕಿಲ್ಲ. ನನಗಾದ ಖರ್ಚು ಒಂದೇ, ಪುಟ್ಟ ಕೈಗೆ ಹೊಂದುವ ಚಿಕ್ಕ ಮೌಸ್, 250 ರೂಪಾಯಿ.

ಸಂಜೆ ಸುಸಲಾ ತಿಂದು, ಎಣ್ಣೆ ಕೈ ತೊಳೆದು, ಅಮ್ಮನಿಗೆ ಎರಡೂ ಅಂಗೈ ತೋರಿಸಿದ ಮೇಲೆಯೇ ಲ್ಯಾಪ್‌ಟಾಪ್ ತೆರೆಯಬೇಕು. ಬ್ಯಾಟರಿ 25 ನಿಮಿಷ ಬರುತ್ತದೆ. ಚಾರ್ಜರ್ ಎಲ್ಲಿದೆ ಅಂತ ಅವಳಿಗೆ ಗೊತ್ತಿಲ್ಲ. ಬೈಗುಳವಿಲ್ಲದೆ ಆಟ ಮುಗಿಯುತ್ತದೆ. ಉಳಿಸುವಾಗ ಫೈಲಿಗೆ ಹೆಸರು ಕೇಳುವುದಿಲ್ಲ, ಇದು ಬಹಳ ದೊಡ್ಡ ಉಪಕಾರ. ಅಕ್ಷರ ಬಾರದ ಮಗುವೂ ಹಳೇ ಚಿತ್ರವನ್ನು ಅದರ ಸಣ್ಣ ಪಟ ನೋಡಿಯೇ ಹುಡುಕಿ ತೆಗೆಯುತ್ತದೆ. ಮ್ಯಾಜಿಕ್ ಸಲಕರಣೆಗಳಲ್ಲಿ ಹುಲ್ಲು ಅವಳಿಗೆ ಇಷ್ಟ. ಹಾಳೆಯ ಕೆಳಗೆ ಎಳೆದರೆ ದೊಡ್ಡ ಹುಲ್ಲು, ಮೇಲಕ್ಕೆ ಹೋದಂತೆ ಚಿಕ್ಕದು. ದೂರದ್ದು ಸಣ್ಣದಾಗಿ ಕಾಣುತ್ತದೆ ಅಂತ ನಾನು ಹೇಳಿಕೊಡಲೇ ಇಲ್ಲ.

ಕೆಟ್ಟಿದ್ದು ನನ್ನಿಂದಲೇ. ಇದರಲ್ಲಿ ಬಳಸುವ ಸಿದ್ಧ ಚಿತ್ರಗಳ ಅಚ್ಚುಗಳ (ಸ್ಟ್ಯಾಂಪ್) ಸಂಗ್ರಹವನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಪುಕ್ಕಟೆ ಅಲ್ವಾ, ಇರಲಿ ಅಂತ ಇಳಿಸಿದೆ. ಪ್ರಾಣಿ, ಹಣ್ಣು, ಗಾಡಿ ಎಲ್ಲ ಸಿದ್ಧವಾಗಿಯೇ ಇರುತ್ತವೆ, ಒತ್ತಿದರೆ ಮುಗಿಯಿತು. ಅಲ್ಲಿಗೆ ನನ್ನ ಮಗಳು ಚಿತ್ರ ಬಿಡಿಸುವುದನ್ನೇ ಬಿಟ್ಟಳು. ಸುಮ್ನೆ ಟಕ್ ಟಕ್ ಒತ್ತುವುದು, ಅಷ್ಟೇ. ಒಂದು ದಿನ ಪೇಪರ್ ಕೊಟ್ಟು ಆಕಳು ಬಿಡಿಸು ಅಂದರೆ, "ನನಗ ಬರಂಗಿಲ್ಲ" ಅಂದಳು. ಹಿಂದಿನ ತಿಂಗಳಷ್ಟೇ ಐದು ಕಾಲಿನ ಆಕಳನ್ನು ಹೆಮ್ಮೆಯಿಂದ ತೋರಿಸಿದ್ದವಳು! ಅವತ್ತು ಈ ತಂತ್ರಾಂಶದ ಮೇಲೆ ಬಂದ ಸಿಟ್ಟಿನಲ್ಲೇ ವಿಮರ್ಶೆ ಬರೆದಿದ್ದರೆ ಒಂದು ಸ್ಟಾರ್ ಕೊಡುವುದೂ ಜಾಸ್ತಿ ಆಗುತ್ತಿತ್ತು. ಆಮೇಲೆ ನೋಡಿದರೆ, ಅಚ್ಚುಗಳನ್ನು ಪೂರ್ತಿ ಮುಚ್ಚಲು ಸೆಟ್ಟಿಂಗ್‌ನಲ್ಲೇ ದಾರಿ ಇತ್ತು. ಮುಚ್ಚಿದೆ. ಎರಡು ದಿನ ಅತ್ತಳು, ಒಂದು ವಾರ ಲ್ಯಾಪ್‌ಟಾಪ್ ಮುಟ್ಟಲಿಲ್ಲ.

ಮತ್ತೆ ಮುಟ್ಟಿಸಿದ್ದು ಬಿದ್ರಿ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ನಮ್ಮೂರಿನ ಕಲೆ. ಊರಿಂದ ಬಂದ ನೆಂಟರನ್ನು ಚೌಬಾರಾ ಗೋಪುರದ ಹತ್ತಿರದ ಒಂದು ಕಾರ್ಖಾನೆಗೆ ಕರೆದೊಯ್ದಿದ್ದೆವು. ಇವಳೂ ಇದ್ದಳು. ಕುಶಲಕರ್ಮಿ ಹೂಜಿಗೆ ಮೈಲುತುತ್ತದ ನೀರು ಸವರಿ ಕಪ್ಪು ಮಾಡಿಕೊಂಡು, ಅದರ ಮೇಲೆ ಚೂಪು ಮೊಳೆಯಿಂದ ಬರಿಗೈಯಲ್ಲೇ ಬಳ್ಳಿ ಗೀರುತ್ತಿದ್ದರು. ಸ್ಕೇಲ್ ಇಲ್ಲ, ಅಚ್ಚು ಇಲ್ಲ. ಬೆಳ್ಳಿ ತಂತಿ ಕೂರಿಸಿ, ಮೊದಲಿನ ಕಪ್ಪು ಹೋಗುವಂತೆ ಉಜ್ಜಿ, ಕೊನೆಗೆ ಕೋಟೆಯ ಮಣ್ಣು ಹಚ್ಚಿದಾಗ ಪಾತ್ರೆ ಪೂರ್ತಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಇವಳು ಅರ್ಧ ಗಂಟೆ ಅಲ್ಲಾಡಲಿಲ್ಲ.

ಅವತ್ತು ಸಂಜೆ ಕೈ ತೊಳೆದು ಬಂದು, ಹೊಸ ಹಾಳೆ ಆರಿಸುವಾಗ ಬಿಳಿ ಬಿಟ್ಟು ಕರಿ ಹಾಳೆ ತೆಗೆದುಕೊಂಡಳು. ಅತಿ ಸಣ್ಣ ಕುಂಚ, ಬಿಳಿ ಬಣ್ಣ. ಬಳ್ಳಿಯೋ ಹಾವೋ ಗೊತ್ತಾಗದಂಥ ಗೆರೆ. "ಅಪ್ಪಾ, ಬಿದ್ರಿ ಆಗ್ಯದ ನೋಡು." ಆಗಿನಿಂದ ದಿನಾ ಕರಿ ಹಾಳೆಯೇ. ಮ್ಯಾಜಿಕ್‌ನಲ್ಲಿರುವ ಕೆಲಿಡೋಸ್ಕೋಪ್ ಸಲಕರಣೆ ತೋರಿಸಿಕೊಟ್ಟೆ. ಒಂದು ಗೆರೆಗೆ ಸುತ್ತಲೂ ಅದರದೇ ಪ್ರತಿಬಿಂಬ ಮೂಡಿ ಹೂವಾಗುತ್ತದೆ. ಎರಡು ಸಲ ಮಾಡಿ, "ಇದು ತಾನೇ ಮಾಡ್ತದ" ಅಂತ ಬಿಟ್ಟಳು.

ಒಂದು ತಕರಾರು ಉಳಿದಿದೆ. ಮೌಸ್ ಎಷ್ಟು ಚಿಕ್ಕದಿದ್ದರೂ ಪೆನ್ಸಿಲ್ ಅಲ್ಲ. ಒತ್ತಿ ಹಿಡಿದೇ ತಿರುಗಿಸುವಾಗ ಬೆರಳು ಸೋಲುತ್ತದೆ, ಬಳ್ಳಿ ಮುರಿಯುತ್ತದೆ. ಪೆನ್ ಟ್ಯಾಬ್ಲೆಟ್ ತರುವಷ್ಟು ಸದ್ಯ ನನ್ನ ಹತ್ತಿರ ಇಲ್ಲ.

ಕಳೆದ ವಾರ ಅಜ್ಜಿಗೆ ಕೊಡಲು ಒಂದು ಚಿತ್ರ ಪ್ರಿಂಟ್ ಹಾಕಿಸಲು ಹೋದೆವು. ಜೆರಾಕ್ಸ್ ಅಂಗಡಿಯವರು ನೋಡಿದವರೇ, "ಪೂರಾ ಕರಿ ಅದ್ರಿ, ಇಂಕ್ ಎಲ್ಲಾ ಖಾಲಿ ಆಗ್ತದ" ಅಂದರು. ಮನೆಗೆ ಬಂದು ನೆಗೆಟಿವ್ ಸಲಕರಣೆಯಿಂದ ಚಿತ್ರ ತಿರುಗಿಸಿದೆ. ಬಿಳಿ ಹಾಳೆ, ಕರಿ ಬಳ್ಳಿ. ಹತ್ತು ರೂಪಾಯಿಗೆ ಪ್ರಿಂಟ್ ಬಂತು. ಅವಳು ಅದನ್ನು ನೋಡಿ ಏನೂ ಅನ್ನಲಿಲ್ಲ. ನೆಲದ ಮೇಲೆ ಹಾಸಿಕೊಂಡು, ಬಳ್ಳಿಯ ಪಕ್ಕದಲ್ಲೇ ಪೆನ್ಸಿಲ್‌ನಿಂದ ಇನ್ನೊಂದು ಗೆರೆ ಎಳೆದು, ನಡುವಿನ ಸಂದು ಬಿಟ್ಟು ಸುತ್ತಲೂ ಕರಿ ಕ್ರೇಯಾನ್ ತಿಕ್ಕಲು ಕೂತಳು.