ಬಿಟ್‌ವಾರ್ಡನ್: ನಕಲಿ ಬ್ಯಾಂಕ್ ಮೇಲ್ ಬಂದಾಗ ಎಷ್ಟು ಉಪಯೋಗ?

ಪಾಸ್‌ವರ್ಡ್ ಮ್ಯಾನೇಜರ್ ಬಗ್ಗೆ ಬರೆಯುವವರೆಲ್ಲ ಹೇಳುವುದು ಒಂದೇ, ಅಷ್ಟೊಂದು ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವ ತಲೆನೋವು ತಪ್ಪುತ್ತದೆ ಅಂತ. ತಪ್ಪುತ್ತದೆ, ನಿಜ. ಆದರೆ ನಾನು ಬಿಟ್‌ವಾರ್ಡನ್ ಅನ್ನುವ ಪಾಸ್‌ವರ್ಡ್ ಮ್ಯಾನೇಜರ್ ಇಟ್ಟುಕೊಂಡಿರುವುದು ಮುಖ್ಯವಾಗಿ ಅದಕ್ಕಲ್ಲ, ಬ್ಯಾಂಕಿನ ಹೆಸರಲ್ಲಿ ಬರುವ ನಕಲಿ ಮೇಲ್‌ಗಳಿಗೆ. ಆ ಒಂದು ಕೆಲಸದಲ್ಲಿ ಇದು ಹೇಗಿದೆ, ಎಲ್ಲಿ ಕೈಕೊಡುತ್ತದೆ ಅನ್ನುವುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಪರಿಚಯ ಬೇಗ ಮುಗಿಸಿಬಿಡೋಣ. ಇದು 2016ರಲ್ಲಿ ಬಂದದ್ದು, ಓಪನ್ ಸೋರ್ಸ್, ಅಂದರೆ ಇದರ ಕೋಡ್ ಯಾರು ಬೇಕಾದರೂ ನೋಡಬಹುದು. ಉಚಿತ ಖಾತೆಯಲ್ಲೇ ಎಷ್ಟು ಪಾಸ್‌ವರ್ಡ್ ಬೇಕಾದರೂ ಇಡಬಹುದು, ಎಷ್ಟು ಫೋನ್, ಕಂಪ್ಯೂಟರ್‌ಗಳಲ್ಲಿ ಬೇಕಾದರೂ ಹಾಕಿಕೊಳ್ಳಬಹುದು. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್, ಸಫಾರಿ ಎಲ್ಲಕ್ಕೂ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ) ಇದೆ. ನೋಡೋಕೆ ಅಂಥಾ ಚೆಂದ ಏನಿಲ್ಲ, ಕೆಲಸಕ್ಕೆ ತೊಂದರೆಯೂ ಇಲ್ಲ.

ಈಗ ಮೇಲ್ ವಿಷಯಕ್ಕೆ ಬರೋಣ. ಹಿಂದೆಲ್ಲ ನಕಲಿ ಮೇಲ್ ಹಿಡಿಯೋದು ಸುಲಭ ಇತ್ತು. ಸಾಲಿಗೊಂದು ಕಾಗುಣಿತ ತಪ್ಪು, ಮಸುಕಾದ ಲೋಗೋ, ಎಲ್ಲಿಂದಲೋ ಎತ್ತಿ ಅಂಟಿಸಿದ ಸಹಿ. ಈಗ ಹಾಗಿಲ್ಲ. ಭಾಷೆಯನ್ನು ಎಐ ತಿದ್ದಿ ಕೊಡುತ್ತದೆ, ಲೋಗೋವನ್ನು ಬ್ಯಾಂಕಿನ ಸೈಟಿಂದಲೇ ಎತ್ತಿರುತ್ತಾರೆ, ಕೆಳಗಡೆ ಸಣ್ಣಕ್ಷರದಲ್ಲಿ 'ನಾವು ಎಂದೂ ನಿಮ್ಮ ಪಾಸ್‌ವರ್ಡ್ ಕೇಳುವುದಿಲ್ಲ' ಅಂತಲೂ ಬರೆದಿರುತ್ತಾರೆ! ಇನ್ನೂ ಬದಲಾಗದೆ ಉಳಿದಿರುವುದು ಒಂದೇ, ಅವಸರ. ಖಾತೆ ಸ್ಥಗಿತವಾಗುತ್ತದೆ, 24 ಗಂಟೆಯೊಳಗೆ ದೃಢಪಡಿಸಿ, ಇಲ್ಲಿ ಒತ್ತಿ. ಇಲ್ಲವೇ ಆಸೆ ತೋರಿಸುತ್ತಾರೆ, ನಿಮಗೆ ಹಣ ವಾಪಸ್ ಬರಬೇಕಿದೆ ಅಂತ. ಓದುವವರಿಗೆ ಯೋಚನೆ ಮಾಡುವಷ್ಟು ಪುರಸೊತ್ತು ಸಿಗಬಾರದು, ಅಷ್ಟೇ ಅವರ ಲೆಕ್ಕ.

ಕಳಿಸಿದವರ ಹೆಸರನ್ನು ನಂಬುವ ಹಾಗಿಲ್ಲ. ಆ ಜಾಗದಲ್ಲಿ ಯಾರು ಏನು ಬೇಕಾದರೂ ಟೈಪ್ ಮಾಡಬಹುದು, ಮತ್ತು ಫೋನಿನಲ್ಲಿ ಮೇಲ್ ತೆರೆದರೆ ಬಹಳ ಸಲ ಆ ಹೆಸರು ಮಾತ್ರ ಕಾಣುತ್ತದೆ. ಅದರ ಮೇಲೆ ಒತ್ತಿದರೆ ತಾನೇ ಪೂರ್ತಿ ವಿಳಾಸ ಗೊತ್ತಾಗೋದು. ಸ್ವಲ್ಪ ತಿಳಿದವರು ಇನ್ನೂ ಒಳಗೆ ಹೋಗಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅನ್ನುವ, ಮೇಲ್ ಎಲ್ಲಿಂದ ಬಂತು ಅಂತ ಪರೀಕ್ಷಿಸುವ ಮೂರು ತಪಾಸಣೆ ಪಾಸ್ ಆಗಿದೆಯಾ ನೋಡುತ್ತಾರೆ. ಒಳ್ಳೆಯದೇ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ, ದೊಡ್ಡ ಪ್ರಮಾಣದಲ್ಲಿ ಮೇಲ್ ಕಳಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿವೆ. ಆದರೆ ಪಾಸ್ ಆಗಿದೆ ಅಂದರೆ ಮೇಲ್ ಆ ಡೊಮೈನ್‌ನಿಂದಲೇ (ಮೇಲ್, ಸೈಟ್ ವಿಳಾಸಗಳ ಮುಖ್ಯ ಹೆಸರು) ಬಂದಿದೆ ಅಂತ ಅಷ್ಟೇ ಅರ್ಥ, ಆ ಡೊಮೈನ್ ನಿಮ್ಮ ಬ್ಯಾಂಕಿನದು ಅಂತ ಅಲ್ಲ. ಕಳ್ಳ ತನ್ನದೇ ಒಂದು ಡೊಮೈನ್ ಕೊಂಡು ಎಲ್ಲ ಸರಿಯಾಗಿ ಹೊಂದಿಸಿಟ್ಟರೆ ಮೂರೂ ಪಾಸ್. ಬ್ರೌಸರಿನಲ್ಲಿ ಸೈಟಿನ ವಿಳಾಸದ ಪಕ್ಕ ಕಾಣುವ ಬೀಗದ ಚಿತ್ರದ ಕಥೆಯೂ ಇದೇ. ಆ ಬೀಗ ಬರಲು ಬೇಕಾದ ಸರ್ಟಿಫಿಕೇಟ್ ನಕಲಿ ಸೈಟಿಗೂ ಪುಕ್ಕಟೆ ಸಿಗುತ್ತದೆ. ಜನ ಬೀಗ ನೋಡಿ ಸೈಟೇ ಸಾಚಾ ಅಂದುಕೊಳ್ಳುತ್ತಾರೆ ಅಂತಲೇ ಕ್ರೋಮ್ 2023ರಲ್ಲಿ ಆ ಚಿತ್ರ ತೆಗೆದು ಬೇರೆ ಚಿಹ್ನೆ ಹಾಕಿತು.

ಕೊನೆಗೆ ಉಳಿಯುವುದು ಲಿಂಕಿನ ವಿಳಾಸ. ಮೊದಲ ಒಂಟಿ ಓರೆಗೆರೆ (/) ಎಲ್ಲಿದೆ ನೋಡಿ, ಅಲ್ಲಿಂದ ಹಿಂದಕ್ಕೆ, ಬಲದಿಂದ ಎಡಕ್ಕೆ ಓದಬೇಕು. 'ನನ್ನಬ್ಯಾಂಕ್.ಕಾಮ್.ಲಾಗಿನ್-ವೆರಿಫೈ.ನೆಟ್' ಅಂತ ಇದ್ದರೆ ಅದು ನಿಮ್ಮ ಬ್ಯಾಂಕಲ್ಲ, ಅದರ ಒಡೆಯ 'ಲಾಗಿನ್-ವೆರಿಫೈ.ನೆಟ್'. ಮುಂದೆ ಇರುವ ಬ್ಯಾಂಕಿನ ಹೆಸರು ಬರೀ ಅಲಂಕಾರ. ಇದನ್ನು ಕಲಿತವರೂ ಇಂಗ್ಲಿಷಿನ ಆರ್ ಮತ್ತು ಎನ್ ಪಕ್ಕಪಕ್ಕ ಕೂತು ಎಂ ಥರ ಕಂಡಾಗ ದಾರಿ ತಪ್ಪುತ್ತಾರೆ. ಇನ್ನು ಇಂಗ್ಲಿಷಿನದರ ಥರವೇ ಕಾಣುವ ರಷ್ಯನ್ ಲಿಪಿಯ 'ಎ' ಹಾಕಿ ಮಾಡಿದ ಡೊಮೈನ್ ಇದ್ದರೆ, ಬ್ರೌಸರ್ ಅದನ್ನು ಬಿಡಿಸಿ ತೋರಿಸದೆ ಹೋದರೆ, ಬರೀ ಕಣ್ಣಲ್ಲಿ ನೋಡಿ ಹೇಳೋಕೆ ಯಾರಿಂದಲೂ ಆಗಲ್ಲ. ಅದರಲ್ಲೂ ದಿನದ ಕೊನೆಯಲ್ಲಿ ಸುಸ್ತಾಗಿ ಫೋನ್ ಹಿಡಿದಾಗ.

ಬಿಟ್‌ವಾರ್ಡನ್ ಕೆಲಸಕ್ಕೆ ಬರುವುದು ಇಲ್ಲೇ. ಅದಕ್ಕೆ ಲೋಗೋ ಗೊತ್ತಿಲ್ಲ, ಭಾಷೆ ಗೊತ್ತಿಲ್ಲ, ಅವಸರವಂತೂ ಇಲ್ಲವೇ ಇಲ್ಲ. ನೀವು ಪಾಸ್‌ವರ್ಡ್ ಉಳಿಸಿದಾಗ ಯಾವ ಡೊಮೈನ್ ಇತ್ತೋ, ಈಗ ತೆರೆದಿರುವುದು ಅದೇನಾ ಅಂತ ಅಕ್ಷರ ಅಕ್ಷರ ಹೋಲಿಸುತ್ತದೆ. ಬ್ಯಾಂಕಿನ ಅಸಲಿ ಪುಟ ತೆರೆದರೆ ಬ್ರೌಸರಿನ ಮೇಲ್ತುದಿಯಲ್ಲಿರುವ ಅದರ ಚಿಕ್ಕ ಗುರಾಣಿ ಚಿತ್ರದ ಮೂಲೆಯಲ್ಲಿ 1 ಅಂತ ಒಂದು ಸಣ್ಣ ಅಂಕಿ ಕಾಣಿಸುತ್ತದೆ. ಈ ಸೈಟಿಗೆ ಹೊಂದುವ ಒಂದು ಲಾಗಿನ್ ನನ್ನ ಹತ್ತಿರ ಇದೆ ಅಂತ ಅರ್ಥ. ಎಷ್ಟೇ ತದ್ರೂಪು ಪುಟವಾದರೂ ಡೊಮೈನ್ ಬೇರೆಯಾದರೆ ಆ ಅಂಕಿ ಬರುವುದಿಲ್ಲ. ಪರೀಕ್ಷೆ ಮಾಡೋಕೆ ನಕಲಿ ಸೈಟಿಗೆ ಹೋಗಬೇಕಾಗಿಲ್ಲ, ನಿಮಗೆ ಖಾತೆಯೇ ಇಲ್ಲದ ಇನ್ನೊಂದು ಬ್ಯಾಂಕಿನ ಲಾಗಿನ್ ಪುಟ ತೆರೆದು ನೋಡಿ, ಚಿತ್ರ ಬೋಳಾಗಿರುತ್ತದೆ. ನನ್ನ ನಿಯಮ ಸರಳ: ಅಂಕಿ ಇಲ್ಲದ ಕಡೆ ಬ್ಯಾಂಕಿನ ಪಾಸ್‌ವರ್ಡ್ ಟೈಪ್ ಮಾಡುವುದಿಲ್ಲ.

ಇದರ ದೊಡ್ಡ ಕೊರತೆಯೂ ಅಲ್ಲೇ ಇದೆ. ವಿಳಾಸ ಹೊಂದದಿದ್ದರೆ ಅದು ಸುಮ್ನೆ ಇರುತ್ತದೆ, ಬೊಬ್ಬೆ ಹಾಕುವುದಿಲ್ಲ. ಇಲ್ಲದ ಅಂಕಿಯನ್ನು ಗಮನಿಸುವ ಅಭ್ಯಾಸ ಎಷ್ಟು ಜನಕ್ಕಿದೆ? 'ಇವತ್ತು ಯಾಕೋ ತುಂಬ್ತಾ ಇಲ್ಲ' ಅಂದುಕೊಂಡು, ಬಿಟ್‌ವಾರ್ಡನ್ ತೆರೆದು, ಬ್ಯಾಂಕಿನ ಹೆಸರು ಹುಡುಕಿ, ಪಾಸ್‌ವರ್ಡ್ ಕಾಪಿ ಮಾಡಿ ಅಂಟಿಸಿದರೆ ಮುಗೀತು ಕಥೆ. ಕಾವಲುಗಾರ ತಡೆದ ಮೇಲೆ ನಾವೇ ಕಾಂಪೌಂಡ್ ಹಾರಿ ಒಳಗೆ ಹೋದ ಹಾಗೆ.

ಆದರೆ ಜನರನ್ನು ಬೈದು ಪ್ರಯೋಜನ ಇಲ್ಲ, ಹೀಗೆ ಕಾಪಿ ಮಾಡುವ ಚಟ ಹತ್ತಿಸುವವರು ಬ್ಯಾಂಕಿನವರೇ. ನನ್ನ ಬ್ಯಾಂಕನ್ನೇ ತೆಗೆದುಕೊಳ್ಳಿ, ಹೆಸರು ಬೇಡ. ಮುಖ್ಯ ಸೈಟ್ ಒಂದು ಡೊಮೈನ್, ಲಾಗಿನ್ ಇನ್ನೊಂದು, ಕ್ರೆಡಿಟ್ ಕಾರ್ಡ್ ಮತ್ತೊಂದು, ಮೇಲ್ ಬರುವುದು ಇವು ಮೂರೂ ಅಲ್ಲದ ಕಡೆಯಿಂದ. ಗ್ರಾಹಕರಿಗೆ 'ವಿಳಾಸ ಗಮನಿಸಿ' ಅಂತ ಬುದ್ಧಿ ಹೇಳುವವರು ಮೊದಲು ತಮ್ಮ ವಿಳಾಸಗಳನ್ನು ಒಂದು ಕಡೆ ತರಬಾರದಾ? ಇಂಥ ಕಡೆ ಅಸಲಿ ಪುಟದಲ್ಲೂ ಬಿಟ್‌ವಾರ್ಡನ್ ಸುಮ್ಮನಿರುತ್ತದೆ, ಮತ್ತು ನಿಜವಾಗಿ ಹುಷಾರಾಗಿರಬೇಕಾದ ಗಳಿಗೆ ಅದು. ಮಾಡಬೇಕಾದ್ದು ಇಷ್ಟು. ಮೇಲ್ ಮುಚ್ಚಿ. ಬ್ಯಾಂಕಿನ ಆ್ಯಪ್‌ನಿಂದಲೋ, ನೀವೇ ಮಾಡಿಟ್ಟ ಬುಕ್‌ಮಾರ್ಕ್‌ನಿಂದಲೋ ಮುಖ್ಯ ಸೈಟಿಗೆ ಹೋಗಿ ಅಲ್ಲಿಂದ ಲಾಗಿನ್ ಪುಟಕ್ಕೆ ಹೋಗಿ. ಅದೇ ಹೊಸ ಡೊಮೈನ್ ಬಂದರೆ ಅದನ್ನು ಹಳೆಯ ಲಾಗಿನ್‌ಗೇ ಎರಡನೇ ವಿಳಾಸವಾಗಿ ಸೇರಿಸಿ. ಮುಂದಿನ ಸಲ ಅಂಕಿ ಬರುತ್ತದೆ. ಮೇಲ್‌ನ ಲಿಂಕಿನಿಂದ ತೆರೆದ ಪುಟದ ವಿಳಾಸವನ್ನು ಮಾತ್ರ ಯಾವತ್ತೂ ಸೇರಿಸಬೇಡಿ.

ಇನ್ನು ಕೆಲವು ಬ್ಯಾಂಕ್ ಸೈಟುಗಳು ಪೇಸ್ಟ್ ಮಾಡೋಕೆ ಬಿಡುವುದಿಲ್ಲ, ಪರದೆ ಮೇಲಿನ ಕೀಬೋರ್ಡನ್ನೇ ಒತ್ತಿ ಅನ್ನುತ್ತವೆ. ಭದ್ರತೆಗಂತೆ. ಅಲ್ಲಿ ತಾನಾಗಿ ತುಂಬುವುದು ಕೆಲಸ ಮಾಡದೇ ಇರಬಹುದು, ಆದರೆ ಅಂಕಿ ಕಾಣಿಸುತ್ತದೆ, ಏಕೆಂದರೆ ಅದು ನೋಡುವುದು ವಿಳಾಸವನ್ನು, ಫಾರ್ಮನ್ನಲ್ಲ. ಅಂಕಿ ಇದೆ, ತುಂಬುತ್ತಿಲ್ಲ ಅಂದರೆ ಬ್ಯಾಂಕಿನ ಕಿರಿಕಿರಿ. ಅಂಕಿಯೇ ಇಲ್ಲ ಅಂದರೆ ನಿಲ್ಲಿ. ಹಾಂ, ಬಿಟ್‌ವಾರ್ಡನ್ ಲಾಕ್ ಆಗಿದ್ದರೂ ಅಂಕಿ ಇರುವುದಿಲ್ಲ, ಮೊದಲು ಅದನ್ನು ತೆರೆದಿಟ್ಟು ನೋಡಿ.

ಸೆಟ್ಟಿಂಗ್ಸ್‌ನಲ್ಲಿ ಜಾಸ್ತಿ ಕೈಯಾಡಿಸಬೇಕಿಲ್ಲ. ಪುಟ ತೆರೆದ ತಕ್ಷಣ ತಾನೇ ತುಂಬುವ ಆಯ್ಕೆ ಮೊದಲಿಂದಲೇ ಆಫ್ ಇರುತ್ತದೆ, ಹಾಗೇ ಬಿಡಿ. ವಿಳಾಸ ಹೋಲಿಸುವ ರೀತಿ 'ಬೇಸ್ ಡೊಮೈನ್' ಅಂತ ಇರುತ್ತದೆ, ಅಂದರೆ ಒಂದು ಡೊಮೈನಿನ ಎಲ್ಲ ಉಪವಿಳಾಸಗಳಿಗೂ ಒಂದೇ ಲಾಗಿನ್ ತೋರಿಸುತ್ತದೆ. ಬ್ಯಾಂಕಿನ ಲಾಗಿನ್‌ಗೆ ಮಾತ್ರ ನಾನು ಅದನ್ನು 'ಹೋಸ್ಟ್' ಅಂತ ಬಿಗಿ ಮಾಡಿದ್ದೇನೆ, ಆಗ ಉಪವಿಳಾಸವೂ ಹೊಂದಬೇಕು.

ಇದು ಮಾಡದ ಕೆಲಸಗಳೂ ಇವೆ. ಮೇಲ್ ಜೊತೆ ಬರುವ ಫೈಲನ್ನು ಇದು ನೋಡುವುದಿಲ್ಲ. 'ಈ ನಂಬರಿಗೆ ಕರೆ ಮಾಡಿ' ಅಂತ ಮೇಲ್ ಬಂದರೆ, ನೀವು ಕರೆ ಮಾಡಿ ಒಟಿಪಿ ಹೇಳಿದರೆ, ಪಾಪ ಇದೇನು ಮಾಡೀತು? ಕರೆ ಮಾಡಲೇಬೇಕಿದ್ದರೆ ಕಾರ್ಡಿನ ಹಿಂದೆ ಇರುವ ನಂಬರಿಗೆ ಮಾಡಿ. ಒಟಿಪಿ ಇದೆಯಲ್ಲ ಅಂತ ಧೈರ್ಯವಾಗಿರುವವರಿಗೆ ಒಂದು ಮಾತು: ಈಗಿನ ನಕಲಿ ಸೈಟುಗಳು ನೀವು ಹಾಕಿದ ಪಾಸ್‌ವರ್ಡ್ ಮತ್ತು ಒಟಿಪಿ ಎರಡನ್ನೂ ಆ ಕ್ಷಣವೇ ಅಸಲಿ ಸೈಟಿಗೆ ದಾಟಿಸಿ ಒಳಗೆ ನುಗ್ಗುತ್ತವೆ. ಅದಕ್ಕೆ ಗಟ್ಟಿ ಉತ್ತರ ಅಂದರೆ ಪಾಸ್‌ಕೀ (ಪಾಸ್‌ವರ್ಡ್ ಬದಲು ಬಳಸುವ ಡಿಜಿಟಲ್ ಕೀಲಿ) ಅಥವಾ ಸೆಕ್ಯುರಿಟಿ ಕೀ (ಲಾಗಿನ್‌ಗೆ ಬಳಸುವ ಪುಟ್ಟ ಸಾಧನ). ಅಲ್ಲಿ ವಿಳಾಸ ತಪ್ಪಿದ್ದರೆ ಲಾಗಿನ್ ಆಗುವುದೇ ಇಲ್ಲ, ಕಾಪಿ ಮಾಡಿ ಅಂಟಿಸೋಕೆ ಏನೂ ಇರುವುದಿಲ್ಲ. 2017ರ ಆರಂಭದಲ್ಲಿ ಸೆಕ್ಯುರಿಟಿ ಕೀ ಕಡ್ಡಾಯ ಮಾಡಿದ ಮೇಲೆ ತನ್ನ 85,000ಕ್ಕೂ ಹೆಚ್ಚು ನೌಕರರಲ್ಲಿ ಯಾರ ಕೆಲಸದ ಖಾತೆಯೂ ಫಿಶಿಂಗಿಗೆ (ಇಂಥ ನಕಲಿ ಮೇಲ್, ಸೈಟುಗಳ ಮೋಸಕ್ಕೆ) ಬಲಿಯಾಗಿಲ್ಲ ಅಂತ ಗೂಗಲ್ 2018ರಲ್ಲಿ ಹೇಳಿತ್ತು. ನಿಮ್ಮ ಬ್ಯಾಂಕ್ ಪಾಸ್‌ಕೀ ಕೊಟ್ಟರೆ ಯೋಚಿಸದೆ ತಗೊಳ್ಳಿ.

ಮೇಲ್‌ಗೆ ಏನು ಮಾಡಬೇಕು? ಉತ್ತರ ಬರೆಯಬೇಡಿ, 'ಅನ್‌ಸಬ್‌ಸ್ಕ್ರೈಬ್' ಕೂಡ ಒತ್ತಬೇಡಿ, ಈ ವಿಳಾಸದಲ್ಲಿ ಜನ ಇದ್ದಾರೆ ಅಂತ ನೀವೇ ಹೇಳಿಕೊಟ್ಟಂತೆ. ಫಿಶಿಂಗ್ ಅಂತ ವರದಿ ಮಾಡಿ. ಬ್ಯಾಂಕಿಗೆ ಕಳಿಸುವುದಾದರೆ ಮಾಮೂಲಿ ಫಾರ್ವರ್ಡ್ ಬದಲು ಅಟ್ಯಾಚ್‌ಮೆಂಟ್ ಆಗಿ ಕಳಿಸಿ, ಆಗ ಮೂಲ ಹೆಡರ್ (ಮೇಲ್ ಯಾವ ದಾರಿಯಲ್ಲಿ ಬಂತು ಅನ್ನುವ ವಿವರ) ಹಾಗೇ ಉಳಿಯುತ್ತದೆ. ಪಾಸ್‌ವರ್ಡ್ ಆಗಲೇ ಕೊಟ್ಟಾಗಿದ್ದರೆ ನಾಚಿಕೆ ಆಮೇಲೆ, ಮೊದಲು ಬ್ಯಾಂಕಿಗೆ ಕರೆ ಮಾಡಿ ತಡೆ ಹಾಕಿಸಿ, ಆಮೇಲೆ ಪಾಸ್‌ವರ್ಡ್ ಬದಲಿಸಿ. ಅದೇ ಪಾಸ್‌ವರ್ಡ್ ಬೇರೆ ಕಡೆ ಇದ್ದರೆ ಅಲ್ಲೂ ಬದಲಿಸಿ, ಮೇಲ್ ಖಾತೆಯಲ್ಲಂತೂ ಮೊದಲು.

ಬಿಟ್‌ವಾರ್ಡನ್ನೇ ಬೇಕು ಅಂತೇನಿಲ್ಲ. ಕ್ರೋಮ್, ಫೈರ್‌ಫಾಕ್ಸ್‌ಗಳ ಒಳಗೇ ಇರುವ ಪಾಸ್‌ವರ್ಡ್ ಮ್ಯಾನೇಜರ್, 2024ರಲ್ಲಿ ಬಂದ ಆಪಲ್ ಪಾಸ್‌ವರ್ಡ್ಸ್ ಆ್ಯಪ್ ಕೂಡ ವಿಳಾಸ ನೋಡಿಯೇ ತುಂಬುತ್ತವೆ. ನನಗೆ ಇದು ಹಿಡಿಸಿದ್ದು ಆ ಅಂಕಿಗೆ, ಮತ್ತು ಯಾವ ಬ್ರೌಸರಿಗೆ ಹೋದರೂ ಜೊತೆಗೆ ಬರುವುದಕ್ಕೆ. ಕೀಪಾಸ್ ಅನ್ನುವ ಇನ್ನೊಂದು ಪಾಸ್‌ವರ್ಡ್ ಮ್ಯಾನೇಜರಿನ ಆಟೋ-ಟೈಪ್ (ಪಾಸ್‌ವರ್ಡನ್ನು ತಾನೇ ಟೈಪ್ ಮಾಡುವ ಸೌಲಭ್ಯ) ಬಳಸುವವರು ಮಾತ್ರ ಸ್ವಲ್ಪ ನೋಡಿಕೊಳ್ಳಿ, ಅದು ಮಾಮೂಲಿಯಾಗಿ ಹೋಲಿಸುವುದು ವಿಂಡೋದ ಶೀರ್ಷಿಕೆಯನ್ನು, ನಕಲಿ ಪುಟಕ್ಕೂ ಅದೇ ಶೀರ್ಷಿಕೆ ಇಡಬಹುದು.

ಎಲ್ಲ ಒಂದೇ ಕಡೆ ಇಟ್ಟರೆ ಕಳ್ಳನಿಗೆ ಸುಲಭ ಅಲ್ವಾ ಅಂತ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. 2022ರಲ್ಲಿ ಲಾಸ್ಟ್‌ಪಾಸ್ ಅನ್ನುವ ಇನ್ನೊಂದು ಪಾಸ್‌ವರ್ಡ್ ಮ್ಯಾನೇಜರಿನಿಂದ ಗ್ರಾಹಕರ ಗೂಢಲಿಪಿಯಲ್ಲಿದ್ದ ಪಾಸ್‌ವರ್ಡ್ ಸಂಗ್ರಹಗಳೇ ಕಳುವಾದವು, ಅಂಥ ಕಡೆ ಕಾಪಾಡುವುದು ಮಾಸ್ಟರ್ ಪಾಸ್‌ವರ್ಡಿನ, ಅಂದರೆ ಇಡೀ ಸಂಗ್ರಹ ತೆರೆಯುವ ಪಾಸ್‌ವರ್ಡಿನ, ಗಟ್ಟಿತನ ಒಂದೇ. ಉದ್ದವಾಗಿರಲಿ, ಬೇರೆಲ್ಲೂ ಬಳಸಿರಬಾರದು, ಎರಡನೇ ಹಂತದ ಪರಿಶೀಲನೆ ಆನ್ ಇರಲಿ. ಮರೆತರೆ ಕಂಪನಿಯವರೂ ವಾಪಸ್ ಕೊಡಲಾರರು, ಹಾಗಾಗಿ ಕಾಗದದಲ್ಲಿ ಬರೆದು ಭದ್ರವಾಗಿಡಿ. ಈ ಒಂದು ಪಾಸ್‌ವರ್ಡಿಗೆ ಮಾತ್ರ ಆ ಅಂಕಿಯ ಕಾವಲು ಇಲ್ಲ. ಕಳ್ಳರಿಗೂ ಅದು ಗೊತ್ತು. 2023ರ ಜನವರಿಯಲ್ಲಿ ಗೂಗಲ್ ಹುಡುಕಾಟದ ಜಾಹೀರಾತಿನ ಮೂಲಕ ಬಿಟ್‌ವಾರ್ಡನ್ನಿನದೇ ನಕಲಿ ಲಾಗಿನ್ ಪುಟಕ್ಕೆ ಜನರನ್ನು ಎಳೆಯುತ್ತಿದ್ದರು. ಅದಕ್ಕೇ ಮಾಸ್ಟರ್ ಪಾಸ್‌ವರ್ಡನ್ನು ನಾನು ಎಕ್ಸ್‌ಟೆನ್ಷನ್ ಇಲ್ಲವೇ ಆ್ಯಪ್ ತೆರೆದು ಅದರೊಳಗೆ ಮಾತ್ರ ಹಾಕುತ್ತೇನೆ, ಹುಡುಕಿ ತೆರೆದ ಯಾವ ಪುಟದಲ್ಲೂ ಅಲ್ಲ.