ಗಾಲಿ ಜಾಡು ತಡೆಯಲು ಹೊಸ ಪಿಎಂಬಿಯೋ, ಕೆತ್ತಿ ತೆಗೆದ ಹಳೆಯದೋ? ಮಾಡಿ ನೋಡಿದ ಹೋಲಿಕೆ

ಬೇಸಿಗೆಯಲ್ಲಿ ಹೊಸಪೇಟೆಯಿಂದ ಬಳ್ಳಾರಿ ಕಡೆ ಬೈಕಿನಲ್ಲಿ ಹೋದವರಿಗೆ ಗಾಲಿ ಜಾಡು ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಅದಿರಿನ ಲಾರಿಗಳು ಸಾಲಾಗಿ ನಿಲ್ಲುವ ಜಾಗದಲ್ಲಿ, ಏರಿನಲ್ಲಿ, ಟೋಲ್ ಹತ್ತಿರ ಡಾಂಬರು ಎರಡು ಕಾಲುವೆ ತೋಡಿದ ಹಾಗೆ ತಗ್ಗಾಗುತ್ತದೆ. ಪಕ್ಕಕ್ಕೆ ತಳ್ಳಿದ ಡಾಂಬರು ಅಂಚಿನಲ್ಲಿ ದಿಣ್ಣೆಯಾಗಿ ನಿಲ್ಲುತ್ತದೆ. ಮುಂದಿನ ಗಾಲಿ ಆ ತಗ್ಗಿಗೆ ಇಳಿದರೆ ಹ್ಯಾಂಡಲ್ ಕೈಗೆ ಸಿಗುವುದಿಲ್ಲ. ಮಳೆ ಬಂದರಂತೂ ಅದರಲ್ಲೇ ನೀರು.

ನಾನು ರಸ್ತೆ ಕಾಮಗಾರಿಯ ಕ್ವಾಲಿಟಿ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಒಂದು ಸೈಟ್‌ನಲ್ಲಿ ಹಳೇ ಮೇಲ್ಪದರವನ್ನು ಮಿಲ್ಲಿಂಗ್ ಮಷಿನ್ ಹಾಕಿ ಕೆತ್ತಿ ತೆಗೆಯುತ್ತಿದ್ದರು. ಅದು ಪಿಎಂಬಿಯ ಪದರ, ಅಂದರೆ ಎಸ್‌ಬಿಎಸ್ ಅನ್ನುವ ರಬ್ಬರ್‌ನಂಥ ಪಾಲಿಮರ್ ಬೆರೆಸಿದ ಬಿಟುಮೆನ್ (ಜಲ್ಲಿಯನ್ನು ಹಿಡಿದಿಡುವ ಕಪ್ಪು ಅಂಟು) ಹಾಕಿ ಮಾಡಿದ್ದು. ಕೆತ್ತಿದ ಚೂರನ್ನು ಮತ್ತೆ ಹಾಟ್ ಮಿಕ್ಸ್‌ಗೆ, ಅಂದರೆ ಪ್ಲಾಂಟ್‌ನಲ್ಲಿ ಬಿಸಿಯಾಗಿ ಕಲೆಸುವ ಹೊಸ ಡಾಂಬರಿಗೆ ಸೇರಿಸಬಹುದಾ ಅನ್ನುವುದು ಪ್ರಶ್ನೆ. ಒಬ್ಬರು ಹೇಳಿದರು, ‘ಸರ್, ಹಳೇದು ಕಲ್ಲಾಗಿದೆ, ಇನ್ನು ಜಾಡು ಬೀಳೋದೇ ಇಲ್ಲ.’ ಇನ್ನೊಬ್ಬರು, ‘ಅದರಲ್ಲಿ ಪಾಲಿಮರ್ ಸತ್ತು ಎಷ್ಟು ಕಾಲ ಆಯ್ತೋ, ಶೋಲ್ಡರ್‌ಗೆ ತುಂಬಿಸಿ ಸಾಕು’ ಅಂದರು. ಶೋಲ್ಡರ್ ಅಂದರೆ ರಸ್ತೆಯ ಪಕ್ಕದ ಅಂಚು. ಎರಡೂ ಅರ್ಧ ಸರಿ ಅಂತ ನನಗೆ ಅನ್ನಿಸಿತು. ಉಳಿದರ್ಧ ತಿಳಿಯಬೇಕಾದರೆ ಎಲ್ಲವನ್ನೂ ಒಂದೇ ಮಷಿನ್ ಮೇಲೆ ಇಟ್ಟು ನೋಡಬೇಕಿತ್ತು.

ಹೀಗಾಗಿ ನಾನು ಪಕ್ಕಪಕ್ಕ ಇಟ್ಟಿದ್ದು ಇವು: ಪಾಲಿಮರ್ ಇಲ್ಲದ ವಿಜಿ-40 (ಸಾದಾ ಬಿಟುಮೆನ್‌ನ ದರ್ಜೆ, ಅಂಕಿ ಹೆಚ್ಚಾದಷ್ಟು ದಪ್ಪ), ಹೊಸ ಪಿಎಂಬಿ, ಅದೇ ಪಿಎಂಬಿಯನ್ನು ಲ್ಯಾಬ್‌ನಲ್ಲೇ ಹಳತು ಮಾಡಿದ್ದು, ಆಮೇಲೆ ಕೆತ್ತಿದ ಚೂರಿನಿಂದ ತೆಗೆದ ಬಿಟುಮೆನ್‌ಗೆ ಮೂರು ಬೇರೆ ಬೇರೆ ಜೋಡಿ. ಒಂದಕ್ಕೆ ವಿಜಿ-30, ಒಂದಕ್ಕೆ ಹೊಸ ಪಿಎಂಬಿ, ಒಂದಕ್ಕೆ ಮೃದು ಮಾಡುವ ಎಣ್ಣೆ. ಟೈರ್ ಪುಡಿ ಬೆರೆಸಿದ ಸಿಆರ್‌ಎಂಬಿಯನ್ನೂ ಒಮ್ಮೆ ಇಟ್ಟೆ. ಆದರೆ ಪುಡಿ ತಳಕ್ಕೆ ಕೂತು ಪ್ರತಿ ಸಲ ಬೇರೆ ಅಂಕಿ ಬಂತು, ಹಾಗಾಗಿ ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಹಳತು ಮಾಡುವುದು ಎರಡು ಹಂತದಲ್ಲಿ. ಮೊದಲು ಆರ್‌ಟಿಎಫ್‌ಒ: ಗಾಜಿನ ಬಾಟಲಿಗಳಲ್ಲಿ ಬಿಟುಮೆನ್ ಹಾಕಿ 163 ಡಿಗ್ರಿಯಲ್ಲಿ 85 ನಿಮಿಷ ಗಾಳಿ ಊದುತ್ತಾ ತಿರುಗಿಸುವುದು. ಪ್ಲಾಂಟ್‌ನಲ್ಲಿ ಜಲ್ಲಿ ಜೊತೆ ಕಲೆಸುವಾಗ, ಹಾಸುವಾಗ ಆಗುವ ಏಟಿಗೆ ಇದು ಸಮ. ಆಮೇಲೆ ಪಿಎವಿ: 2.1 ಮೆಗಾಪ್ಯಾಸ್ಕಲ್ ಒತ್ತಡದ ಗಾಳಿಯಲ್ಲಿ, 100 ಡಿಗ್ರಿಯಲ್ಲಿ 20 ಗಂಟೆ. ಇದು ರಸ್ತೆ ಮೇಲಿನ ವರ್ಷಗಳ ಬಿಸಿಲಿಗೆ ಬದಲಿ.

ಅಳೆದಿದ್ದು ಡಿಎಸ್‌ಆರ್ ಮಷಿನ್‌ನಲ್ಲಿ, ಬಿಟುಮೆನ್ ಅನ್ನು ತಿರುಚಿ ಅದರ ಗಟ್ಟಿತನ ನೋಡುವ ಯಂತ್ರ ಅದು. 25 ಮಿ.ಮೀ. ಅಗಲದ ಎರಡು ತಟ್ಟೆ, ನಡುವೆ 1 ಮಿ.ಮೀ. ಬಿಟುಮೆನ್. ಅಂಚಿಗೆ ಉಕ್ಕಿದ್ದನ್ನು ಕಾಯಿಸಿದ ಚಾಕುವಿನಿಂದ ಒಂದೇ ಸುತ್ತಿನಲ್ಲಿ ಕೆರೆಯಬೇಕು. ಕೈ ನಡುಗಿ ಅಂಚು ಒಳಗೆ ಹೋದರೆ ಆ ಸ್ಯಾಂಪಲ್ ಮತ್ತೆ ಹಾಕುವುದೇ ಒಳ್ಳೆಯದು, ಅಂಕಿ ನಂಬುವ ಹಾಗಿರುವುದಿಲ್ಲ.

ಮೊದಲು ಹಳೇ ಲೆಕ್ಕ ಹಾಕಿದೆ, ಜಿ ಸ್ಟಾರ್ ಬೈ ಸೈನ್ ಡೆಲ್ಟಾ, ಅಂದರೆ ಬಿಸಿಯಲ್ಲಿ ಬಿಟುಮೆನ್ ಜಾಡನ್ನು ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ಒಂದು ಅಂಕಿ. ಅಮೆರಿಕದ ಶಾರ್ಪ್ ಅನ್ನುವ ಹೆದ್ದಾರಿ ಸಂಶೋಧನಾ ಯೋಜನೆಯಿಂದ ಬಂದ ಅಳತೆ ಇದು. ಹೊಸ ಬಿಟುಮೆನ್‌ಗೆ ಕನಿಷ್ಠ 1.0 ಕಿಲೋಪ್ಯಾಸ್ಕಲ್, ಆರ್‌ಟಿಎಫ್‌ಒ ಆದಮೇಲೆ 2.2 ಇರಬೇಕು. ಇದರಲ್ಲಿ ವಿಜಿ-40ಕ್ಕೂ ಪಿಎಂಬಿಗೂ ರಸ್ತೆಯಲ್ಲಿ ಕಾಣುವಷ್ಟು ಅಂತರ ಕಾಣಲೇ ಇಲ್ಲ. ಕಾರಣ ಇದೆ. ಈ ಪರೀಕ್ಷೆ ಬಿಟುಮೆನ್ ಅನ್ನು ಸುಮ್ನೆ ಸವರಿದ ಹಾಗೆ ಅಲುಗಾಡಿಸುತ್ತದೆ. ಪಾಲಿಮರ್ ಬಲೆ ಕೆಲಸ ಮಾಡುವುದು ಜೋರಾಗಿ ಎಳೆದಾಗ.

ಎಂಎಸ್‌ಸಿಆರ್ ಪರೀಕ್ಷೆ ಹಾಗೆ ಎಳೆಯುತ್ತದೆ. 1 ಸೆಕೆಂಡ್ ಭಾರ, 9 ಸೆಕೆಂಡ್ ಬಿಡುವು. ಮೊದಲು 0.1 ಕಿಲೋಪ್ಯಾಸ್ಕಲ್, ಆಮೇಲೆ 3.2. ಲಾರಿ ಗಾಲಿ ಬಂತು, ಹೋಯಿತು, ಮತ್ತೆ ಬಂತು ಅನ್ನುವ ಹಾಗೆ. ಎರಡು ಅಂಕಿ ಕೊಡುತ್ತದೆ: ಎಳೆದದ್ದರಲ್ಲಿ ಶೇಕಡಾ ಎಷ್ಟು ವಾಪಸ್ ಬಂತು, ಮತ್ತು ವಾಪಸ್ ಬಾರದೆ ಉಳಿದದ್ದು ಎಷ್ಟು. ಎರಡನೆಯದಕ್ಕೆ ಜೆಎನ್‌ಆರ್ ಅನ್ನುತ್ತೇವೆ. ಜಾಡು ಅಂದರೆ ವಾಪಸ್ ಬಾರದ್ದೇ ಅಲ್ವಾ? ಎಷ್ಟು ಭಾರದ ಓಡಾಟಕ್ಕೆ ಸಾಕು ಅನ್ನುವುದಕ್ಕೆ ದರ್ಜೆಗಳಿವೆ: 3.2 ಕಿಲೋಪ್ಯಾಸ್ಕಲ್‌ನಲ್ಲಿ ಜೆಎನ್‌ಆರ್ 4.5ರ ಒಳಗಿದ್ದರೆ ಎಸ್ (ಸಾಮಾನ್ಯ), 2ರ ಒಳಗೆ ಎಚ್ (ಭಾರೀ), 1ರ ಒಳಗೆ ವಿ (ಬಹಳ ಭಾರೀ), 0.5ರ ಒಳಗಿದ್ದರೆ ಇ (ಅತಿ ಭಾರೀ). ನಿಂತು ನಿಂತು ಸಾಗುವ ಭಾರೀ ಲಾರಿಗಳ ಜಾಗಕ್ಕೆ ಇ ಬೇಕು.

64 ಡಿಗ್ರಿಯಲ್ಲಿ ವಿಜಿ-40 ಎಚ್‌ನಲ್ಲಿ ನಿಂತಿತು. ಅದು ತಡೆಯುವುದು ಬರೀ ದಪ್ಪಗಿರುವುದರಿಂದ. ವಾಪಸ್ ಬರುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹೊಸ ಪಿಎಂಬಿ ನೇರವಾಗಿ ಇ. ಅದು ಹೇಗೆ ಅಂತ ಕಣ್ಣಾರೆ ನೋಡಬೇಕಿದ್ದರೆ ಬಿಟುಮೆನ್ ಅನ್ನು ನೂಲಿನ ಹಾಗೆ ಎಳೆಯುವ ಡಕ್ಟಿಲಿಟಿ ಮಷಿನ್ ಹತ್ತಿರ ನಿಲ್ಲಬೇಕು. 15 ಡಿಗ್ರಿ ನೀರಿನಲ್ಲಿ ಬಿಟುಮೆನ್ ಅನ್ನು 10 ಸೆಂ.ಮೀ. ಎಳೆದು, ಕತ್ತರಿಯಿಂದ ನಡುವೆ ಕತ್ತರಿಸುತ್ತೇವೆ. ಕತ್ತರಿಸಿದ ಕ್ಷಣಕ್ಕೇ ಪಿಎಂಬಿಯ ಎರಡು ತುದಿಗಳೂ ಮುಟ್ಟಿದ ಬಸವನಹುಳದ ಹಾಗೆ ಹಿಂದಕ್ಕೆ ಸರಿಯುತ್ತವೆ. ಒಂದು ಗಂಟೆ ಬಿಟ್ಟು ನೋಡಿದರೆ ನಡುವೆ ದೊಡ್ಡ ಖಾಲಿ ಜಾಗ. ವಿಜಿ-40 ತುದಿಗಳು ಕತ್ತರಿಸಿದ ಕಡೆಯೇ ಹೆಚ್ಚು ಕಡಿಮೆ ಹಾಗೇ ಉಳಿದಿರುತ್ತವೆ.

ಈಗ ಹಳತು ಮಾಡಿದ ಪಿಎಂಬಿ. ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ಇದೇ. ಪಿಎವಿ ಆದಮೇಲೆ ಜೆಎನ್‌ಆರ್ ಇನ್ನೂ ಇಳಿಯಿತು, ಹೊಸದಕ್ಕಿಂತ ಚೆನ್ನಾಗಿ ಬಂತು. ಸೈಟ್‌ನಲ್ಲಿ ‘ಕಲ್ಲಾಗಿದೆ’ ಅಂದವರ ಮಾತು ಇಲ್ಲಿ ನಿಜ. ಆದರೆ ಅದೇ ಸ್ಯಾಂಪಲ್ ಡಕ್ಟಿಲಿಟಿ ಮಷಿನ್‌ನಲ್ಲಿ 10 ಸೆಂ.ಮೀ. ಮುಟ್ಟುವ ಮೊದಲೇ ಪಟ್ಟಂತ ಕಡಿಯಿತು. ಒಳಗೆ ಎರಡು ಕೆಲಸ ಒಟ್ಟಿಗೆ ನಡೆದಿರುತ್ತವೆ. ಗಾಳಿಯ ಆಮ್ಲಜನಕ ಬಿಟುಮೆನ್‌ಗೆ ಸೇರಿ ಅದನ್ನು ಗಟ್ಟಿ ಮಾಡುತ್ತದೆ. ಅದೇ ಆಮ್ಲಜನಕ ಎಸ್‌ಬಿಎಸ್‌ನ ಬ್ಯುಟಾಡೈಯೀನ್ ಅನ್ನುವ ರಬ್ಬರ್ ಭಾಗದ ಜೋಡಿ ಬಂಧಗಳಿಗೆ ಬಿದ್ದು ಉದ್ದನೆಯ ಸರಪಳಿಗಳನ್ನು ತುಂಡು ಮಾಡುತ್ತದೆ. ಒಂದು ಕಡೆ ಗಟ್ಟಿತನ ಏರುತ್ತದೆ, ಇನ್ನೊಂದು ಕಡೆ ರಬ್ಬರ್ ಗುಣ ಕರಗುತ್ತದೆ. ಜಾಡಿನ ಮಟ್ಟಿಗೆ ಮೊದಲನೆಯದು ಗೆಲ್ಲುತ್ತದೆ. ಬಿರುಕಿನ ಮಟ್ಟಿಗೆ ಎರಡೂ ಸೇರಿ ಕೆಡಿಸುತ್ತವೆ.

ಇನ್ನೊಂದು ವಿಷಯ ಬಿಡಿಸಿ ಹೇಳಬೇಕು. 64 ಡಿಗ್ರಿಯಲ್ಲಿ ಹಳೆಯದರ ವಾಪಸ್ ಬರುವ ಶೇಕಡಾವಾರು ನಾನು ಹೆದರಿದಷ್ಟು ಬಿದ್ದಿರಲಿಲ್ಲ. ಪಾಲಿಮರ್ ಇನ್ನೂ ಇದೆ ಅಂತ ಬರೆದೂ ಬಿಡುತ್ತಿದ್ದೆ. ಆದರೆ ಗಟ್ಟಿಯಾದ ಬಿಟುಮೆನ್ ಪಾಲಿಮರ್ ಇಲ್ಲದೆಯೂ ಸ್ವಲ್ಪ ಪುಟಿಯುತ್ತದೆ. ಅದಕ್ಕೆ 76 ಡಿಗ್ರಿಗೆ ಏರಿಸಿ ಮತ್ತೆ ನೋಡಿದೆ. ಹೊಸ ಪಿಎಂಬಿ ಆ ಬಿಸಿಯಲ್ಲೂ ಪುಟಿಯಿತು. ಹಳೆಯದರ ಶೇಕಡಾವಾರು ಅಲ್ಲಿ ಜಾರಿ ಬಿತ್ತು. ಹಳೇ ಪಿಎಂಬಿ ಪರೀಕ್ಷೆ ಮಾಡುವವರು ದಯವಿಟ್ಟು ಒಂದೇ ಉಷ್ಣತೆಯಲ್ಲಿ ನಿಲ್ಲಿಸಬೇಡಿ.

ಕೆತ್ತಿದ ಚೂರಿನಿಂದ ಬಿಟುಮೆನ್ ತೆಗೆಯುವಾಗ ನನ್ನಿಂದ ಒಂದು ತಪ್ಪಾಯಿತು. ಚೂರನ್ನು ದ್ರಾವಕದಲ್ಲಿ ಕರಗಿಸಿ, ದ್ರಾವಕವನ್ನು ಆವಿ ಮಾಡಿ ಬಿಟುಮೆನ್ ಉಳಿಸಿಕೊಳ್ಳಬೇಕು. ಮೊದಲ ಬ್ಯಾಚ್‌ನಲ್ಲಿ ಬೇಗ ನಿಲ್ಲಿಸಿಬಿಟ್ಟೆ. ವರ್ಷಗಟ್ಟಲೆ ಬಿಸಿಲು ಕಂಡ ಬಿಟುಮೆನ್ ಲ್ಯಾಬ್‌ನಲ್ಲಿ ಹಳತು ಮಾಡಿದ್ದಕ್ಕಿಂತ ಮೆತ್ತಗೆ ಬಂತು! ಡಬ್ಬಿ ಮೂಗಿನ ಹತ್ತಿರ ಹಿಡಿದಾಗ ದ್ರಾವಕದ ಸಿಹಿ ವಾಸನೆ ಇನ್ನೂ ಇತ್ತು. ಒಂಚೂರು ದ್ರಾವಕ ಉಳಿದರೂ ಗಟ್ಟಿತನ ಇಳಿಯುತ್ತದೆ. ಆ ಇಡೀ ಬ್ಯಾಚ್ ಬಿಸಾಕಿ ಮತ್ತೆ ಮಾಡಿದೆ. ಎರಡನೇ ಸಲ ಅಂಕಿ ಇರಬೇಕಾದ ಕಡೆ ಬಂತು.

ಈಗ ಮೂರು ಜೋಡಿಗಳು. ಹಳೆಯದಕ್ಕೆ ವಿಜಿ-30 ಸೇರಿಸುವುದು ಎಲ್ಲರಿಗೂ ಇಷ್ಟ, ಖರ್ಚು ಕಡಿಮೆ. ಜೆಎನ್‌ಆರ್ ಪರವಾಗಿಲ್ಲ, ಬರೀ ವಿಜಿ-40ಕ್ಕಿಂತ ಒಳ್ಳೆಯದೇ ಬಂತು. ಆದರೆ ಉಳಿದಿದ್ದ ತುಂಡು ಪಾಲಿಮರ್ ಇನ್ನಷ್ಟು ತೆಳುವಾಯಿತು. ಗಾಜಿನ ಕಡ್ಡಿಯಲ್ಲಿ ಎತ್ತಿ ಎಳೆದರೆ ನೂಲು ಸಣ್ಣಗಾಗಿ ಜೋತು ಬೀಳುತ್ತಿತ್ತು. ಅದೇ ಹಳೆಯದಕ್ಕೆ ಹೊಸ ಪಿಎಂಬಿ ಸೇರಿಸಿದಾಗ ನೂಲು ಕಡ್ಡಿಯ ಕಡೆಗೇ ಮೇಲೆ ಸರಿಯಿತು. ಹಳೆಯದರ ಗಟ್ಟಿತನ, ಹೊಸದರ ಬಲೆ, ಎರಡೂ ಸೇರಿದ್ದು ಇದೊಂದರಲ್ಲಿ ಮಾತ್ರ. ಜಾಡಿನ ವಿಷಯದಲ್ಲಿ ಇದು ಬರೀ ಹೊಸ ಪಿಎಂಬಿಯನ್ನೂ ಮೀರಿತು, 76 ಡಿಗ್ರಿಯಲ್ಲೂ ಪುಟಿಯುವುದನ್ನು ಬಿಡಲಿಲ್ಲ.

ಎಣ್ಣೆಯ ಜೋಡಿ ನನಗೆ ಸಮಾಧಾನ ಕೊಡಲಿಲ್ಲ. ಬಳಸಿದ ಅಡುಗೆ ಎಣ್ಣೆ ಹಾಕಿದ್ದೆ. ಬಿಸಿ ಮಾಡಿದರೆ ಲ್ಯಾಬೆಲ್ಲ ಬಜ್ಜಿ ಅಂಗಡಿಯ ವಾಸನೆ. ಸ್ವಲ್ಪ ಹಾಕಿದಾಗ ಬಿಟುಮೆನ್ ಚೆನ್ನಾಗಿ ಮೃದುವಾಯಿತು. ಅದಕ್ಕಿಂತ ಒಂಚೂರು ಹೆಚ್ಚಿಸಿದೆ, ಜೆಎನ್‌ಆರ್ ಸರ್ರನೆ ಏರಿತು. ಹಳೆಯದರಿಂದ ಬಂದ ಲಾಭ ಅಷ್ಟೂ ಕೈಬಿಟ್ಟು ಹೋಯಿತು. ಎಣ್ಣೆ ಬಿಟುಮೆನ್ ಅನ್ನು ಸಡಿಲ ಮಾಡುತ್ತದೆ, ತುಂಡಾದ ಸರಪಳಿಯನ್ನು ಮತ್ತೆ ಕಟ್ಟುವುದಿಲ್ಲ. ಎಣ್ಣೆ ಬೇಕೇ ಬೇಕು ಅಂದರೆ, ಜೊತೆಗೆ ಹೊಸ ಪಾಲಿಮರ್ ಕೂಡ ಹೋಗಬೇಕು.

ಒಂದು ಎಚ್ಚರ ಹೇಳಲೇಬೇಕು. ಲ್ಯಾಬ್‌ನಲ್ಲಿ ಹಳೆಯದು, ಹೊಸದು ಎರಡನ್ನೂ ಪೂರ್ತಿ ಕರಗಿಸಿ ಕಲೆಸಿರುತ್ತೇನೆ. ಪ್ಲಾಂಟ್‌ನಲ್ಲಿ ಹಾಗಾಗುವುದಿಲ್ಲ. ಹಳೇ ಬಿಟುಮೆನ್‌ನ ಒಂದು ಪಾಲು ಜಲ್ಲಿಗೇ ಅಂಟಿಕೊಂಡು ಉಳಿಯುತ್ತದೆ. ಚೂರು ಒದ್ದೆಯಿದ್ದರೆ ಇನ್ನೂ ಕಷ್ಟ, ಶಾಖವೆಲ್ಲ ನೀರು ಒಣಗಿಸುವುದಕ್ಕೇ ಹೋಗುತ್ತದೆ. ಹಾಗಾಗಿ ನನ್ನ ಡಿಎಸ್‌ಆರ್ ಅಂಕಿಗಳನ್ನು ರಸ್ತೆಯ ಅಂಕಿ ಅಂತ ಓದಬೇಡಿ. ಜಲ್ಲಿ ಸೇರಿಸಿದ ಮಿಕ್ಸ್ ಅನ್ನು ಹಲಗೆಯ ಹಾಗೆ ಮಾಡಿ ಅದರ ಮೇಲೆ ಗಾಲಿ ಓಡಿಸಿಯೇ ನೋಡಬೇಕು. ಹ್ಯಾಂಬರ್ಗ್ ಯಂತ್ರದಲ್ಲಿ 50 ಡಿಗ್ರಿ ನೀರಿನೊಳಗೆ 705 ನ್ಯೂಟನ್ ಭಾರದ ಉಕ್ಕಿನ ಗಾಲಿ ಓಡುತ್ತದೆ, ಸಾಮಾನ್ಯವಾಗಿ 20,000 ಸಲ. ಅಲ್ಲಿ ವಿಜಿ-30 ಜೋಡಿಗೂ ಹೊಸ ಪಿಎಂಬಿ ಜೋಡಿಗೂ ಜಾಡಿನ ಆಳದಲ್ಲಿ ವ್ಯತ್ಯಾಸ ಸಣ್ಣದು. ಆ ಒಂದು ಪರೀಕ್ಷೆ ನೋಡಿ ಅಗ್ಗದ್ದನ್ನು ಆರಿಸುವ ಆಸೆ ಬರುತ್ತದೆ. ಆದರೆ ಆ ಗಾಲಿ ಬಿರುಕಿನ ಕಥೆ ಹೇಳುವುದಿಲ್ಲ.

ನನ್ನ ಆಯ್ಕೆ ಹೀಗೆ. ಟೋಲ್ ಹತ್ತಿರ, ಸಿಗ್ನಲ್‌ನಲ್ಲಿ, ಏರಿನಲ್ಲಿ ಹಳೇ ಪಿಎಂಬಿ ಚೂರು ಮತ್ತು ಹೊಸ ಪಿಎಂಬಿ. ಓಡುವ ನೇರ ರಸ್ತೆಯ ಕೆಳಪದರಕ್ಕೆ ವಿಜಿ-30 ಜೋಡಿ ಸಾಕು. ಶೋಲ್ಡರ್‌ಗೆ ಪಿಎಂಬಿ ಚೂರು ಸುರಿಯುವುದನ್ನು ನೋಡಿದರೆ ನನಗೆ ನಿಜವಾಗಲೂ ಹೊಟ್ಟೆ ಉರಿಯುತ್ತದೆ, ಅಷ್ಟು ಒಳ್ಳೇ ಮಾಲು ಅದು.

ಈ ಸಲ ಕೆತ್ತುವ ಕೆಲಸ ಶುರುವಾಗುವ ಮೊದಲೇ ಪ್ಲಾಂಟ್‌ನವರಿಗೆ ಹೇಳಿದ್ದೇನೆ: ಪಿಎಂಬಿ ಪದರದ ಚೂರು ಬೇರೆ ರಾಶಿ, ಬೇರೆ ಡಾಂಬರಿನ ಚೂರು ಬೇರೆ ರಾಶಿ. ಎರಡಕ್ಕೂ ಟಾರ್ಪಾಲ್ ಹೊದಿಸಿ, ಮುಂದೆ ಬೋರ್ಡ್ ನೆಟ್ಟಿದ್ದಾರೆ.